ಚೀನಾದ ಮಸಿ, ಊಟಿಯ ಮಂಜು

ಚಳಿಗಾಲದ ಕೆಲವು ಮುಂಜಾನೆ ಕಾಡುಗೋಡಿಯಿಂದ ಹೊರಟ ಮೆಟ್ರೊ ರೈಲಿನ ಕಿಟಕಿಯಲ್ಲಿ ವೈಟ್‌ಫೀಲ್ಡ್‌ನ ಗಾಜಿನ ಕಟ್ಟಡಗಳಿಗೆ ಬುಡವೇ ಕಾಣುವುದಿಲ್ಲ. ಅರ್ಧವನ್ನು ಮಂಜು ನುಂಗಿರುತ್ತದೆ, ಉಳಿದರ್ಧ ತೇಲುತ್ತಿರುತ್ತದೆ. ಚೀನಾದ ಮಸಿಚಿತ್ರಕಾರರು ಸಾವಿರ ವರ್ಷಗಳ ಹಿಂದೆಯೇ ಬೆಟ್ಟಗಳನ್ನು ಹೀಗೆ ಬರೆದಿದ್ದರು. ಮಂಜನ್ನು ತೋರಿಸಲು ಅವರು ಏನನ್ನೂ ಬಳಿಯಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟರು.

ಚೀನಾದಿಂದ ಜಪಾನಿಗೆ ಹೋದ ಆ ವಿದ್ಯೆ 1903ರಲ್ಲಿ ಕಲ್ಕತ್ತೆಗೆ ಬಂತು. ತಂದವರು ಜಪಾನಿ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ. ತೈಕಾನ್ ಒದ್ದೆ ಕುಂಚವನ್ನು ಚಿತ್ರದ ಮೇಲೆ ಮೆಲ್ಲನೆ ಎಳೆಯುವುದನ್ನು ಕಂಡ ಚಿತ್ರಕಾರ ಅವನೀಂದ್ರನಾಥ ಠಾಕೂರರು ಇನ್ನೊಂದು ಹೆಜ್ಜೆ ಮುಂದಿಟ್ಟು, ಇಡೀ ಹಾಳೆಯನ್ನೇ ನೀರಿನಲ್ಲಿ ಅದ್ದಿದರು. ಬಣ್ಣ ಕಾಗದದೊಳಗೆ ಇಳಿಯಿತು, ಅಂಚು ಕರಗಿತು. ಒಣಗಿಸಿ ಮತ್ತೆ ಬರೆಯುವುದು, ಮತ್ತೆ ಅದ್ದುವುದು. ‘ವಾಷ್’ ಪದ್ಧತಿ ಹುಟ್ಟಿದ್ದು ಹೀಗೆ. ಅವಸರದವರಿಗೆ ಅದು ಒಲಿಯುವುದಿಲ್ಲ.

1909ರಲ್ಲಿ ಮೈಸೂರು ಅರಮನೆಯ ನೆರವಿನಿಂದ ಅವನೀಂದ್ರನಾಥರ ಬಳಿ ಕಲಿಯಲು ಹೋದವರು ಕೆ. ವೆಂಕಟಪ್ಪ. ಅವರದು ಚಿತ್ರಗಾರರ ಮನೆತನ. ಮೈಸೂರು ಶೈಲಿಯೆಂದರೆ ಗೆಸ್ಸೋ ಉಬ್ಬು, ಚಿನ್ನದ ರೇಕು, ಬಿಗಿಯಾದ ಗೆರೆ. ಅಂಥ ಕೈ ಗೆರೆಯನ್ನು ನೀರಿಗೆ ಬಿಟ್ಟುಕೊಡಲು ಕಲಿಯಬೇಕಿತ್ತು! ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಬಂದಾಗ ಅದರಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳಿದ್ದವು. ಚೆಲುವಾದ ಚಿತ್ರಗಳೇ, ಆದರೆ ಅವುಗಳಲ್ಲಿ ಗುರುವಿನ ನೆರಳು ಇನ್ನೂ ಇದೆ.

ನೆರಳು ಸರಿದದ್ದು ಊಟಿಯಲ್ಲಿ. 1920ರ ದಶಕದಲ್ಲಿ ಅಲ್ಲಿ ಕೂತು ಬರೆದ ಜಲವರ್ಣಗಳಲ್ಲಿ ದೇವರಿಲ್ಲ, ಕಥೆಯಿಲ್ಲ. ಗುಡ್ಡ, ಮರಗಳ ಸಾಲು, ಮಳೆಗಾಲದ ಮೋಡ, ಅಷ್ಟೇ. ಮಸಿಯ ಜಾಗಕ್ಕೆ ಬಣ್ಣ ಬಂದಿದೆ. ಅರಮನೆಯ ಕುಸುರಿಯವನ ಕಣ್ಣು ಎಲೆಎಲೆಯನ್ನೂ ಬಿಡದೆ ಎಣಿಸಿದೆ. ಆದರೂ ಕಣಿವೆ ಮಂಜಿನಲ್ಲಿ ಉಸಿರಾಡುತ್ತದೆ. ಎರಡು ಪರಂಪರೆಗಳು ಜಗಳವಿಲ್ಲದೆ ಒಂದೇ ಹಾಳೆಯಲ್ಲಿ ಕೂತಿವೆ. ಪೂರ್ವದೇಶದ ವಿದ್ಯೆ ಕನ್ನಡದ ಕೈಯಲ್ಲಿ ಹೊಸದಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಗ್ಯಾಲರಿ ಕಸ್ತೂರಬಾ ರಸ್ತೆಯಲ್ಲಿದೆ. ಅದನ್ನು ಖಾಸಗಿಯವರ ಉಸ್ತುವಾರಿಗೆ ಕೊಡುವ ಮಾತು ಬಂದಾಗ, 2016ರಲ್ಲಿ, ಬೆಂಗಳೂರಿನ ಕಲಾವಿದರು ಬೀದಿಗಿಳಿದು ಬೇಡವೆಂದರು.

ವೈಟ್‌ಫೀಲ್ಡ್‌ನಿಂದ ನೇರಳೆ ಮಾರ್ಗದ ರೈಲು ನೇರವಾಗಿ ಗ್ಯಾಲರಿಗೆ ಹತ್ತಿರದ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ತಲುಪಿಸುತ್ತದೆ. ಪೀಣ್ಯದವರು ಮೆಜೆಸ್ಟಿಕ್‌ನಲ್ಲಿ ಒಮ್ಮೆ ರೈಲು ಬದಲಿಸಿದರೆ ಸಾಕು. ಗ್ಯಾಲರಿ ತೆರೆದಿರುವ ದಿನ ವಿಚಾರಿಸಿಕೊಂಡು ಹೋಗಿ, ವೆಂಕಟಪ್ಪನವರ ಊಟಿಯ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಮಕ್ಕಳನ್ನೂ ಕರೆದೊಯ್ಯಿರಿ.