ಮೊಣಕಾಲಿನ ಒಳಗನ್ನು ಕಾಣುವ ಬಗೆ



ಭದ್ರಾ ನಾಲೆಯಲ್ಲಿ ನೀರು ಬಂದೊಡನೆ ಈ ಭಾಗದ ಗದ್ದೆಗಳಲ್ಲಿ ಭತ್ತದ ನಾಟಿ ಆರಂಭವಾಗುತ್ತದೆ. ಕೆಸರಿನಲ್ಲಿ ಹೂತ ಕಾಲನ್ನು ಕೀಳುತ್ತ, ಬಗ್ಗಿದ ಸೊಂಟದಲ್ಲಿಯೇ ಹಿಂದೆ ಸರಿಯುತ್ತ ದಿನವಿಡೀ ಸಸಿ ನೆಡುವವರು ಬಹುಮಟ್ಟಿಗೆ ಸ್ತ್ರೀಯರು. ಪಾದವು ಕೆಸರಿನಲ್ಲಿ ಕಚ್ಚಿಕೊಂಡು ದೇಹ ಮಾತ್ರ ತಿರುಗಿದರೆ ಆ ತಿರುಚನ್ನೆಲ್ಲ ಮೊಣಕಾಲೇ ತಡೆದುಕೊಳ್ಳಬೇಕು. ಅಂದು ಉಳುಕೆಂದು ಎಣ್ಣೆ ತಿಕ್ಕಿ ಸುಮ್ಮನಾದ ಗೃಹಿಣಿಯು ತಿಂಗಳಾದರೂ ಕುಂಟುತ್ತಿರುತ್ತಾಳೆ. ಎಕ್ಸ್-ರೇ ತೆಗೆಸಿದರೆ ಮೂಳೆಗೆ ಏನೂ ಆಗಿಲ್ಲವೆಂಬ ಉತ್ತರ ಬರುತ್ತದೆ. ಆಗ ಮನೆಯವರು ಆಕೆಯ ನೋವೇ ಸುಳ್ಳೆಂದು ಬಗೆಯುವುದುಂಟು. ಇದು ಸರಿಯಲ್ಲ. ಎಕ್ಸ್-ರೇ ಸುಳ್ಳು ಹೇಳಲಿಲ್ಲ. ಅದು ತನಗೆ ಕಂಡಷ್ಟನ್ನು ಮಾತ್ರ ಹೇಳಿತು.

ತೊಡೆಯ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಬಂಡಿಯ ಅಚ್ಚಿಗೂ ಗಾಲಿಗೂ ಕೀಲೆಣ್ಣೆ ಹೇಗೋ, ಮೊಣಕಾಲಿಗೆ ಇವು ಹಾಗೆ. ಇವು ಭಾರವನ್ನೂ ಹಂಚುತ್ತವೆ ಎಂಬುದೇ ವ್ಯತ್ಯಾಸ. ಮೂಳೆಗಳನ್ನು ಹಿಡಿದು ಕಟ್ಟುವ ರಜ್ಜುಗಳೂ ಅಲ್ಲಿವೆ. 1895ರಲ್ಲಿ ಜರ್ಮನಿಯ ರಾಂಟ್ಜನ್ ಕಂಡುಹಿಡಿದ ಕ್ಷ-ಕಿರಣವು ಮೂಳೆಯನ್ನು ಸ್ಪಷ್ಟವಾಗಿ ತೋರುತ್ತದೆಯೇ ಹೊರತು ಈ ಮೆತ್ತೆ, ರಜ್ಜುಗಳನ್ನಲ್ಲ. ಅವು ಹರಿದಿದ್ದರೂ ಚಿತ್ರದಲ್ಲಿ ಬರಿಯ ತೆರಪು ಕಾಣುತ್ತದೆ.

ಈ ತೆರಪನ್ನು ಮಾತನಾಡಿಸುವುದು ಹೇಗೆಂದು ವೈದ್ಯರು ಬಹುಕಾಲ ಯೋಚಿಸಿದರು. 1905ರಲ್ಲಿ ವೆರ್ನ್‌ಡಾರ್ಫ್ ಮತ್ತು ರಾಬಿನ್ಸನ್ ಎಂಬವರು ಸೂಜಿಯ ಮೂಲಕ ಕೀಲಿನೊಳಕ್ಕೆ ಆಮ್ಲಜನಕವನ್ನು ತುಂಬಿ ಚಿತ್ರ ತೆಗೆದರು. ಅನಿಲ ತುಂಬಿದ ಕಡೆ ಕಪ್ಪಾಗಿ, ಮೆತ್ತೆಯ ಅಂಚು ಅದರ ನಡುವೆ ಮಸುಕಾಗಿ ಮೂಡಿತು. ಆದರೆ ಅನಿಲವು ರಕ್ತನಾಳವನ್ನು ಹೊಕ್ಕರೆ ಪ್ರಾಣಾಪಾಯವಿತ್ತು. ಮುಂದೆ ಕಿರಣವನ್ನು ತಡೆಯುವ ದ್ರವವನ್ನು ತುಂಬುವ ಪ್ರಯತ್ನಗಳಾದವು. ಸ್ವೀಡನ್ನಿನ ಲಿಂಡ್‌ಬ್ಲೋಮ್ 1948ರಲ್ಲಿ ಈ ವಿಧಾನವನ್ನು ಮೊಣಕಾಲಿಗೆ ಅನ್ವಯಿಸಿ ವಿಸ್ತಾರವಾಗಿ ವಿವರಿಸಿದರು. ಮೆತ್ತೆ ಹರಿದಿದ್ದರೆ ದ್ರವವು ಆ ಬಿರುಕಿನೊಳಕ್ಕೆ ಇಳಿದು ಬಿಳಿಯ ಗೆರೆಯಾಗಿ ಕಾಣುತ್ತದೆ. ಬದುವಿನಲ್ಲಿ ಬಿರುಕೆಲ್ಲಿದೆಯೆಂದು ನೀರು ಬಿಟ್ಟು ನೋಡುವ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಮೇಲೆ ಬಂದುದು ಅಯಸ್ಕಾಂತದ ಸಹಾಯದಿಂದ ಚಿತ್ರ ಪಡೆಯುವ ಎಂ.ಆರ್.ಐ. ಇದರಲ್ಲಿ ಕ್ಷ-ಕಿರಣವಿಲ್ಲ, ಮೆತ್ತೆ, ರಜ್ಜುಗಳು ಔಷಧವಿಲ್ಲದೆಯೇ ಕಾಣುತ್ತವೆ. 1988ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗ್ಯಾಡೋಲಿನಿಯಂ ಎಂಬ ಲೋಹದ ಔಷಧವು ಆ ಚಿತ್ರವನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಹಾಗೆಂದು ಎಲ್ಲರಿಗೂ ಇದು ಬೇಕಿಲ್ಲ. ಹಿಂದೆ ಹೊಲಿದ ಮೆತ್ತೆ ಮತ್ತೆ ಹರಿದಿದೆಯೇ ಎಂದು ನೋಡಲು ಕೀಲಿಗೂ, ಗಡ್ಡೆ ಅಥವಾ ಸೋಂಕಿನ ಸಂದೇಹವಿದ್ದಾಗ ರಕ್ತಕ್ಕೂ ಅದನ್ನು ಕೊಡುತ್ತಾರೆ. ವಯಸ್ಸಾದವರ ಸವೆದ ಮೊಣಕಾಲಿಗಾದರೋ ನಿಂತು ತೆಗೆಸಿದ ಎಕ್ಸ್-ರೇ ಸಾಮಾನ್ಯವಾಗಿ ಸಾಕು. ಸಾಲ ಮಾಡಿ ದೊಡ್ಡ ಯಂತ್ರದ ಬಾಗಿಲಿಗೆ ಓಡುವವರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಕೀಲು ಮಡಿಸಿದಲ್ಲಿಯೇ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದರೆ, ತಿರುಚಿದ ಬಳಿಕ ಊದಿಕೊಂಡರೆ ತಡಮಾಡದೆ ಮೂಳೆ ತಜ್ಞರಿಗೆ ತೋರಿಸಬೇಕು. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ, ಚಿಗಟೇರಿ ಜಿಲ್ಲಾಸ್ಪತ್ರೆಯಿದೆ. ಹರಿಹರದವರಿಗೆ ಅದು ದೂರದ ದಾರಿಯಲ್ಲ. ಕೀಲು ಬಿಸಿಯಾಗಿ ಊದಿ ಜ್ವರವೂ ಬಂದಿದ್ದರೆ ಅಂದೇ ಹೊರಡಬೇಕು.

ಈಗ ದಂಪತಿಗಳಿಗೆ ಮುಖ್ಯವಾದ ಮಾತು. ಮುಟ್ಟು ತಪ್ಪಿದ್ದರೆ ಸಂಕೋಚಪಡದೆ ಪರೀಕ್ಷೆಗೆ ಮೊದಲೇ ತಿಳಿಸಿರಿ. ಮೊಣಕಾಲಿನ ಎಕ್ಸ್-ರೇಯಿಂದ ಗರ್ಭಕ್ಕೆ ತಲುಪುವ ಕಿರಣ ಅತ್ಯಲ್ಪವೇ; ಆದರೆ ಗರ್ಭಿಣಿಯರಿಗೆ ಗ್ಯಾಡೋಲಿನಿಯಂ ಔಷಧವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಪತ್ನಿಗೆ ನಾಚಿಕೆಯೆನಿಸಿದರೆ ಪತಿ ಹೇಳಲಿ. ಮೂತ್ರಪಿಂಡದ ಕಾಯಿಲೆಯಿದ್ದರೆ, ಹಿಂದೆ ಇಂಥ ಔಷಧದಿಂದ ಮೈಯಲ್ಲಿ ದದ್ದು ಎದ್ದಿದ್ದರೆ, ಅದನ್ನೂ ಹೇಳಬೇಕು. ವಂಕಿ ಅಳವಡಿಸಿಕೊಂಡ ಸೋದರಿಯರು, ಅಯಸ್ಕಾಂತವು ಅದನ್ನು ಸೆಳೆದುಬಿಡುವುದೇ ಎಂದು ಕೇಳುತ್ತಾರೆ. ತಾಮ್ರವನ್ನು ಅಯಸ್ಕಾಂತ ಸೆಳೆಯುವುದಿಲ್ಲ; ಕಾಪರ್-ಟಿಯನ್ನು ಇದಕ್ಕಾಗಿ ತೆಗೆಸಬೇಕಾಗಿಲ್ಲ, ಇರುವುದನ್ನು ತಿಳಿಸಿದರೆ ಸಾಕು. ಎದೆಹಾಲುಣಿಸುವ ತಾಯಿಯೂ ಸಾಮಾನ್ಯವಾಗಿ ಹಾಲು ನಿಲ್ಲಿಸಬೇಕಾಗಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಇದ್ದವರು, ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿದ್ದ ಕಾರ್ಖಾನೆಯ ಕೆಲಸಗಾರರು ಮಾತ್ರ ಯಂತ್ರದ ಕೋಣೆಯನ್ನು ಹೊಗುವ ಮುನ್ನವೇ ಹೇಳತಕ್ಕದ್ದು.

ಕೀಲಿಗೆ ಔಷಧ ತುಂಬಿಸಿಕೊಂಡ ಬಳಿಕ ಒಂದೆರಡು ದಿನ ಮೊಣಕಾಲು ಬಿಗಿದಂತೆ ತೋರುವುದು. ಅಷ್ಟರೊಳಗೆ ದ್ರವವನ್ನು ದೇಹವೇ ಹೀರಿಕೊಳ್ಳುತ್ತದೆ. ನೋವು ಏರುತ್ತ ಹೋದರೆ, ಜ್ವರ ಬಂದರೆ ಆಸ್ಪತ್ರೆಗೆ ಮರಳಬೇಕು. ಅಷ್ಟು ದಿನ ಗದ್ದೆಗಿಳಿಯುವುದು ಬೇಡ. ನೀರು ತರುವ, ದನಕ್ಕೆ ಮೇವು ಹಾಕುವ ಕೆಲಸವನ್ನು ಮನೆಯ ಯಜಮಾನರೇ ನೋಡಿಕೊಳ್ಳಲಿ.