ಕುದುರೆಯ ಋಣ



ನವರಾತ್ರಿಯ ದಿನಗಳಲ್ಲಿ ಮೈಸೂರಿನ ಅರಮನೆಯಲ್ಲಿ ಪಟ್ಟದ ಕುದುರೆಗೆ ಪೂಜೆ ಸಲ್ಲುವುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಆ ಒಂದು ಕುದುರೆಗೆ ಸಂದ ಮರ್ಯಾದೆ ಅದರ ಕುಲಕ್ಕೆಲ್ಲ ಸಂದಿತೆಂದು ಭಾವಿಸಿ ನಾವು ಸಮಾಧಾನಪಡುತ್ತೇವೆ. ಆದರೆ ಬಿಸಿಲು ಮಳೆಗಳಲ್ಲಿ ನಮ್ಮನ್ನು ರೈಲು ನಿಲ್ದಾಣದಿಂದ ಮನೆಗೆ ಮುಟ್ಟಿಸಿದ ಜಟಕಾ ಕುದುರೆ ಮುದಿಯಾದ ಮೇಲೆ ಎಲ್ಲಿಗೆ ಹೋಯಿತೆಂದು ಕೇಳಿದವರು ಎಷ್ಟು ಜನ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಆ ಗಾದೆಯ ಕುದುರೆಯ ಪಾಲನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಹೇಳಹೊರಟಿರುವ ಸಂಗತಿ ಮುಖ್ಯವಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಸಂಬಂಧಪಟ್ಟದ್ದು. ಅಷ್ಟು ದೂರದ ಕುದುರೆಯ ಮಾತು ನಮಗೇಕೆ ಎಂದು ಯಾರಾದರೂ ಕೇಳಿಯಾರು. ಅದಕ್ಕೆ ಮೊದಲು ನಮ್ಮ ನೆನಪಿನಲ್ಲಿರುವ ಒಂದು ಪ್ರಸಂಗವನ್ನು ಹೇಳುತ್ತೇನೆ. 1918ನೆಯ ಇಸವಿ ಸೆಪ್ಟೆಂಬರ್ 23ರಂದು ಮೈಸೂರು ಲಾನ್ಸರ್ಸ್ ದಳದವರು ಜೋಧಪುರದ ಸವಾರರೊಡನೆ ಕೂಡಿ ಹೈಫಾ ನಗರವನ್ನು ಗೆದ್ದರು. ಮೆಷಿನ್ ಗನ್ನುಗಳಿಗೂ ಫಿರಂಗಿಗಳಿಗೂ ಎದುರಾಗಿ ಈಟಿ ಹಿಡಿದು ಕುದುರೆಯ ಮೇಲೆ ನುಗ್ಗಿದ ಆ ಸಾಹಸವನ್ನು ನಾವು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಗುಂಡಿನ ಎದುರಿಗೆ ಓಡಿದ್ದು ಸವಾರ ಮಾತ್ರವಲ್ಲ ಎಂಬುದನ್ನು ಮಾತ್ರ ಮರೆಯುತ್ತೇವೆ.

ಅದೇ ಮಹಾಯುದ್ಧ ಮುಗಿದಾಗ, ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ರಣಾಂಗಣಗಳಲ್ಲಿ ದುಡಿದ ಬ್ರಿಟಿಷ್ ಸೈನ್ಯದ ಸಾವಿರಾರು ಕುದುರೆಗಳನ್ನು ಊರಿಗೆ ಸಾಗಿಸುವುದು ದುಬಾರಿಯೆಂದು ಅಲ್ಲಿಯೇ ಮಾರಿಬಿಟ್ಟರು. ಹನ್ನೆರಡು ವರ್ಷಗಳ ಅನಂತರ, 1930ರಲ್ಲಿ, ಡೊರೊಥಿ ಬ್ರೂಕ್ ಎಂಬ ಮಹಿಳೆ ಕೈರೋ ನಗರಕ್ಕೆ ಬಂದಾಗ ಆ ಕುದುರೆಗಳು ಎಲುಬಿನ ಹಂದರಗಳಾಗಿ, ಕೆಲವು ಕುರುಡಾಗಿ, ಕಲ್ಲುಗಣಿಗಳಲ್ಲಿಯೂ ಗಾಡಿಗಳ ನೊಗದಲ್ಲಿಯೂ ಜೀವ ಸವೆಸುತ್ತಿದ್ದುವು. 1931ರಲ್ಲಿ ಆಕೆ ಲಂಡನ್ನಿನ ಪತ್ರಿಕೆಯೊಂದಕ್ಕೆ ಕಾಗದ ಬರೆದಳು. ಜನ ಹಣ ಕಳುಹಿಸಿದರು. ಆಕೆ ಸುಮಾರು 5,000 ಮುದಿ ಕುದುರೆಗಳನ್ನು ಕೊಂಡು, ಬಹುಪಾಲು ಕುದುರೆಗಳಿಗೆ ಕೆಲವು ದಿನಗಳ ವಿಶ್ರಾಂತಿಯನ್ನೂ ನೋವಿಲ್ಲದ ಮರಣವನ್ನೂ ಒದಗಿಸಿದಳು. 1934ರಲ್ಲಿ ಅಲ್ಲಿಯೇ ಒಂದು ಪಶು ಆಸ್ಪತ್ರೆಯನ್ನು ಸ್ಥಾಪಿಸಿದಳು. ದುಡಿಸಿಕೊಂಡ ಪ್ರಾಣಿಯ ಕೊನೆಗಾಲಕ್ಕೆ ದುಡಿಸಿಕೊಂಡವನೇ ಹೊಣೆ ಎಂಬುದು ಆಕೆಯ ಕೆಲಸದ ಸಾರ. ಈ ಮಾತು ನೆನಪಿನಲ್ಲಿರಲಿ. ಅಮೆರಿಕದ ವಿಚಾರವೂ ಕೊನೆಗೆ ಇಲ್ಲಿಗೇ ಬಂದು ಮುಟ್ಟುತ್ತದೆ.

ಕುದುರೆಯ ಕುಲ ಮೊದಲು ವಿಕಾಸಗೊಂಡದ್ದು ಉತ್ತರ ಅಮೆರಿಕದಲ್ಲಿಯೇ. ಅಲ್ಲಿಂದ ಏಷ್ಯಾ ಖಂಡಕ್ಕೆ ಹಬ್ಬಿ, ತವರಿನಲ್ಲಿ ಮಾತ್ರ ಸುಮಾರು 10,000 ವರ್ಷಗಳ ಹಿಂದೆ ಅದು ಅಳಿದುಹೋಯಿತು. 1519ರಲ್ಲಿ ಸ್ಪೇನಿನ ಕೋರ್ಟೆಸ್ ಹದಿನಾರು ಕುದುರೆಗಳೊಡನೆ ಮೆಕ್ಸಿಕೋ ತೀರದಲ್ಲಿ ಇಳಿದಾಗ ಅದು ತವರಿಗೆ ಮರಳಿದಂತಾಯಿತು. ಅಲ್ಲಿಂದ ಮುಂದೆ ತಪ್ಪಿಸಿಕೊಂಡವು, ಬಿಟ್ಟುಹೋದವು, ಕಳೆದುಹೋದವು ಎಲ್ಲವೂ ಕೂಡಿ ಬಯಲುಸೀಮೆಯಲ್ಲಿ ಹಿಂಡುಗಳಾದುವು. ಇವುಗಳಿಗೆ ಮಸ್ಟಾಂಗ್ ಎಂದು ಹೆಸರು. ಒಡೆಯನಿಲ್ಲದ ಬಿಡಾಡಿ ಪಶುವೆಂಬ ಅರ್ಥದ ಸ್ಪ್ಯಾನಿಷ್ ಪದದಿಂದ ಬಂದದ್ದು. ಈ ಬಿಡಾಡಿಯ ಬೆನ್ನ ಮೇಲೆಯೇ ಆ ದೇಶದ ಮೂಲನಿವಾಸಿಗಳು ಬೇಟೆಯಾಡಿದರು, ದನಗಾಹಿಗಳು ಮಂದೆಗಳನ್ನು ಅಟ್ಟಿದರು. ಮೋಟಾರು ಬಂದಿತು, ಕುದುರೆ ಬೇಡವಾಯಿತು. ಬೇಡವಾದದ್ದನ್ನು ಹಿಡಿದು ನಾಯಿ ಬೆಕ್ಕುಗಳ ಆಹಾರವಾಗಿ ಮಾರುವ ವ್ಯಾಪಾರ ಇಪ್ಪತ್ತನೆಯ ಶತಮಾನದಲ್ಲಿ ಬೆಳೆಯಿತು. ವಿಮಾನದಿಂದ ಬೆದರಿಸಿ, ಲಾರಿಗಳಿಂದ ಅಟ್ಟಿಸಿ, ಹಗ್ಗಕ್ಕೆ ಭಾರವಾದ ಟೈರುಗಳನ್ನು ಕಟ್ಟಿ ದಣಿಸಿ ಅವನ್ನು ಹಿಡಿಯುತ್ತಿದ್ದರು.

1950ರಲ್ಲಿ ನೆವಾಡಾ ಸಂಸ್ಥಾನದ ವೆಲ್ಮಾ ಜಾನ್‌ಸ್ಟನ್ ಎಂಬ ಮಹಿಳೆ ಕಚೇರಿಯ ಕೆಲಸಕ್ಕೆ ಹೋಗುತ್ತಿದ್ದಾಗ ಮುಂದೆ ಹೋಗುತ್ತಿದ್ದ ಲಾರಿಯೊಂದರಿಂದ ರಕ್ತ ತೊಟ್ಟಿಕ್ಕುವುದನ್ನು ಕಂಡಳು. ಹಿಂಬಾಲಿಸಿದಳು. ಲಾರಿಯಲ್ಲಿದ್ದದ್ದು ಕಾಡುಕುದುರೆಗಳು, ಹೋಗುತ್ತಿದ್ದದ್ದು ಕಸಾಯಿಖಾನೆಗೆ. ಆಕೆ ಬಾಲ್ಯದಲ್ಲಿ ಪೋಲಿಯೋ ಬೇನೆಯಿಂದ ನರಳಿದವಳು, ಶ್ರೀಮಂತಳಲ್ಲ, ಅಧಿಕಾರವುಳ್ಳವಳಲ್ಲ. ಆದರೆ ಅಂದಿನಿಂದ ಆಕೆ ಸುಮ್ಮನೆ ಕೂರಲಿಲ್ಲ. ಎದುರಾಳಿಗಳು ಪರಿಹಾಸ್ಯಕ್ಕಾಗಿ ಇಟ್ಟ ‘ಕಾಡುಕುದುರೆ ಆನ್ನಿ’ ಎಂಬ ಹೆಸರನ್ನೇ ಬಿರುದಾಗಿ ಧರಿಸಿದಳು. ಶಾಲೆಯ ಮಕ್ಕಳು ಶಾಸನಸಭೆಯ ಸದಸ್ಯರಿಗೆ ಕಾಗದಗಳ ಮಳೆಗರೆದರು. 1959ರಲ್ಲಿ, ಸರ್ಕಾರದ ಭೂಮಿಯಲ್ಲಿ ಮೋಟಾರು ವಾಹನಗಳಿಂದಲೂ ವಿಮಾನಗಳಿಂದಲೂ ಕಾಡುಕುದುರೆಗಳನ್ನು ಬೇಟೆಯಾಡುವುದನ್ನೂ ನೀರಿನ ಹೊಂಡಗಳಿಗೆ ವಿಷವಿಕ್ಕುವುದನ್ನೂ ನಿಷೇಧಿಸಿದ ಕಾಯಿದೆ ಬಂದಿತು. 1971ರ ಡಿಸೆಂಬರ್ 15ರಂದು ಅಧ್ಯಕ್ಷ ನಿಕ್ಸನ್ನರ ಸಹಿಯಿಂದ ಎರಡನೆಯ ಕಾಯಿದೆ ಜಾರಿಗೆ ಬಂದು, ಕಾಡುಕುದುರೆಯನ್ನೂ ಕಾಡುಕತ್ತೆಯನ್ನೂ ರಾಷ್ಟ್ರಚರಿತ್ರೆಯ ಸಜೀವ ಕುರುಹೆಂದು ಸಾರಿ, ಅವನ್ನು ಹಿಡಿಯುವುದನ್ನೂ ಕೊಲ್ಲುವುದನ್ನೂ ಅಪರಾಧವೆಂದು ವಿಧಿಸಿತು. ಒಬ್ಬ ಗುಮಾಸ್ತೆಯ ಕಣ್ಣಿಗೆ ಬಿದ್ದ ರಕ್ತದ ಹನಿ ಇಪ್ಪತ್ತೊಂದು ವರ್ಷಗಳಲ್ಲಿ ಒಂದು ರಾಷ್ಟ್ರದ ಕಾಯಿದೆಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಈ ಭಾಷಣದ ಅಗತ್ಯವಿರುತ್ತಿರಲಿಲ್ಲ. 2004ರಲ್ಲಿ, ದೊಡ್ಡದೊಂದು ಆಯವ್ಯಯ ಮಸೂದೆಯೊಳಗೆ ಸಣ್ಣದೊಂದು ತಿದ್ದುಪಡಿ ಸೇರಿತು. ಹಿಡಿದು ತಂದ ಕಾಡುಕುದುರೆಗಳಲ್ಲಿ ಹತ್ತು ವರ್ಷ ಮೀರಿದವನ್ನೂ, ಸಾಕಲು ಕೊಡಲು ಮೂರು ಬಾರಿ ಮುಂದಿಟ್ಟರೂ ಯಾರೂ ಒಯ್ಯದವನ್ನೂ ಯಾವ ನಿರ್ಬಂಧವೂ ಇಲ್ಲದೆ ಮಾರಬಹುದೆಂದು ಅದು ಹೇಳಿತು. ನಿರ್ಬಂಧವಿಲ್ಲದ ಮಾರಾಟ ಎಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮಾತಿನ ಬಲವನ್ನು ವರ್ಷ ವರ್ಷದ ಹಣ ಮಂಜೂರಾತಿಯ ಷರತ್ತುಗಳು ತಡೆಹಿಡಿಯುತ್ತ ಬಂದಿವೆ. ಆದರೆ ಮೂಲ ಮಾತು ಪುಸ್ತಕದಲ್ಲಿಯೇ ಉಳಿದಿದೆ.

ಸಾಕಿದ ಕುದುರೆಗಳ ಪಾಡೂ ಹೀಗೆಯೇ. 2007ರಲ್ಲಿ ಟೆಕ್ಸಾಸ್ ಮತ್ತು ಇಲಿನಾಯ್ ಸಂಸ್ಥಾನಗಳಲ್ಲಿ ಉಳಿದಿದ್ದ ಕೊನೆಯ ಮೂರು ಕುದುರೆ ಕಸಾಯಿಖಾನೆಗಳು ಮುಚ್ಚಿದುವು. ಅಲ್ಲಿಯ ಸಂಸ್ಥಾನಗಳ ಕಾಯಿದೆಗಳು ಒಂದು ಕಾರಣ. ಮಾಂಸ ತನಿಖೆಯ ಅಧಿಕಾರಿಗಳಿಗೆ ರಾಷ್ಟ್ರದ ಶಾಸನಸಭೆ ಹಣ ನಿಲ್ಲಿಸಿದ್ದು ಇನ್ನೊಂದು ಕಾರಣ. ತನಿಖೆಯಿಲ್ಲದೆ ಮಾಂಸ ಮಾರುವಂತಿಲ್ಲ. ಆದುದರಿಂದ ಕೊಲ್ಲುವಂತೆಯೂ ಇಲ್ಲ. ಆದರೆ ಇದು ನಿಷೇಧವಲ್ಲ, ಕೈಬಿಗಿತ ಮಾತ್ರ. 2011ರಲ್ಲಿ ಆ ಷರತ್ತು ಬಿಟ್ಟುಹೋಯಿತು. 2014ರಲ್ಲಿ ಮತ್ತೆ ಬಂದಿತು. ಅಷ್ಟರಲ್ಲಿ ಕುದುರೆಗಳನ್ನು ಮೆಕ್ಸಿಕೋ, ಕೆನಡಾ ದೇಶಗಳಿಗೆ ಜೀವಂತವಾಗಿ ಸಾಗಿಸುವ ದಾರಿ ತೆರೆದೇ ಇತ್ತು. 2012ನೆಯ ಒಂದೇ ವರ್ಷದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕುದುರೆಗಳು ಆ ಗಡಿಗಳನ್ನು ದಾಟಿದುವು. ಆಮೇಲೆ ಆ ಸಂಖ್ಯೆ ಬಹಳ ಇಳಿದಿದೆ. ದಾರಿ ಮಾತ್ರ ಮುಚ್ಚಿಲ್ಲ.

ಆ ದಾರಿಯ ಪ್ರಯಾಣ ಎಂಥದು? 2001ರ ಸರ್ಕಾರಿ ನಿಯಮದ ಪ್ರಕಾರವೇ, ಕಸಾಯಿಖಾನೆಗೆ ಹೋಗುವ ಕುದುರೆಯನ್ನು ಮೇವು, ನೀರು, ವಿಶ್ರಾಂತಿಗಳಿಲ್ಲದೆ 28 ಘಂಟೆಗಳ ಕಾಲ ಸಾಗಿಸಬಹುದು. ಒಂದು ಹಗಲು, ಒಂದು ರಾತ್ರಿ, ಮೇಲೆ ನಾಲ್ಕು ಘಂಟೆ! ಕುದುರೆ ಬೆದರಿದಾಗ ಓಡಿ ಪಾರಾಗುವ ಸ್ವಭಾವದ್ದು; ತಲೆಯನ್ನು ಎತ್ತಿ ಒದರಿ ಹೋರಾಡುತ್ತದೆ; ದನಗಳಿಗಾಗಿ ಏರ್ಪಡಿಸಿದ ಪ್ರಜ್ಞೆ ತಪ್ಪಿಸುವ ಸಾಧನ ಒಂದೇ ಪೆಟ್ಟಿಗೆ ಅದರ ನೆತ್ತಿಗೆ ನೆಟ್ಟಗೆ ತಾಗುವುದು ಕಷ್ಟ. ಇದನ್ನು ಇನ್ನೂ ಬಿಡಿಸಿ ಹೇಳಿ ನಿಮ್ಮ ಮನಸ್ಸನ್ನು ನೋಯಿಸುವುದಿಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳನ್ನು ಎದುರಿಸಬೇಕು. ಮೊದಲನೆಯದು: ದನ ಕುರಿಗಳನ್ನು ತಿನ್ನುವ ದೇಶ ಕುದುರೆಗೆ ಮಾತ್ರ ಮರುಗುವುದು ಯಾವ ನ್ಯಾಯ? ಯೂರೋಪಿನಲ್ಲಿಯೂ ಜಪಾನಿನಲ್ಲಿಯೂ ಕುದುರೆ ಮಾಂಸ ತಿನ್ನುವವರುಂಟಲ್ಲ? ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಮೆರಿಕದಲ್ಲಿ ಕುದುರೆಯನ್ನು ಆಹಾರಕ್ಕಾಗಿ ಯಾರೂ ಸಾಕುವುದಿಲ್ಲ. ಸವಾರಿಗೆ, ಪಂದ್ಯಕ್ಕೆ, ದುಡಿಮೆಗೆ ಸಾಕುತ್ತಾರೆ. ಆದಕಾರಣ ಅದಕ್ಕೆ ಕೊಡುವ ಔಷಧಗಳೂ ಬೇರೆ. ಫೆನೈಲ್‌ಬ್ಯೂಟಜೋನ್ ಎಂಬ ನೋವುನಿವಾರಕ ಅಲ್ಲಿ ಕುದುರೆಗಳಿಗೆ ಸಾಮಾನ್ಯ; ಮನುಷ್ಯನ ಆಹಾರವಾಗುವ ಪ್ರಾಣಿಗೆ ಅದು ನಿಷಿದ್ಧ. ಇಂಥ ಔಷಧಗಳ ಲೆಕ್ಕವನ್ನು ನೆಚ್ಚಲಾಗದೆಂದು ಯೂರೋಪಿನ ಒಕ್ಕೂಟ 2014ರ ಡಿಸೆಂಬರಿನಲ್ಲಿ ಮೆಕ್ಸಿಕೋದ ಕುದುರೆ ಮಾಂಸವನ್ನು ತಡೆಯಲು ನಿರ್ಣಯಿಸಿತು. ಕರುಣೆಯ ಮಾತನ್ನು ಒಪ್ಪದವರೂ ಆರೋಗ್ಯದ ಮಾತನ್ನು ಒಪ್ಪಬೇಕು.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು: ಕಸಾಯಿಖಾನೆ ಮುಚ್ಚಿದರೆ ಬಡವನ ಮುದಿ ಕುದುರೆ ಹಸಿವಿನಿಂದ ಸಾಯುತ್ತದೆ ಎಂಬುದು. ಇದು ಸುಳ್ಳಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧಕ ಕಚೇರಿ 2011ರಲ್ಲಿ ಪ್ರಕಟಿಸಿದ ವರದಿ, ಕಸಾಯಿಖಾನೆಗಳು ಮುಚ್ಚಿದ ಮೇಲೆ ಅಗ್ಗದ ಕುದುರೆಗಳ ಬೆಲೆ ಕುಸಿಯಿತೆಂದೂ, ಬೀದಿಪಾಲಾದವು ಹೆಚ್ಚಾದುವೆಂದೂ, ಕೊಲೆಗೆ ಹೋಗುವವು ಮೊದಲಿಗಿಂತ ಹೆಚ್ಚು ದೂರ ಪ್ರಯಾಣ ಮಾಡುತ್ತಿವೆಯೆಂದೂ ಹೇಳಿತು. ಆದರೆ ಅದೇ ವರದಿ ಶಾಸನಸಭೆಯ ಮುಂದೆ ಇಟ್ಟ ಮಾರ್ಗಗಳು ಎರಡು: ಷರತ್ತನ್ನು ಪುನಃ ಪರಿಶೀಲಿಸುವುದು ಒಂದು, ಕೊಲೆಯನ್ನೂ ರಫ್ತನ್ನೂ ಒಟ್ಟಿಗೆ ಶಾಶ್ವತವಾಗಿ ನಿಷೇಧಿಸುವುದು ಇನ್ನೊಂದು. ಕೇಡು ಬಂದಿರುವುದು ಬಾಗಿಲು ಮುಚ್ಚಿದ್ದರಿಂದಲ್ಲ, ಅರ್ಧ ಮಾತ್ರ ಮುಚ್ಚಿದ್ದರಿಂದ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಇನ್ನು ಬಡವನ ಕುದುರೆಗೆ ಡೊರೊಥಿ ಬ್ರೂಕ್ ದಾರಿ ತೋರಿಸಿದ್ದಾಳೆ: ಹತ್ತಿರದಲ್ಲಿಯೇ ವೈದ್ಯನ ಕೈಯಿಂದ ನೋವಿಲ್ಲದ ಅಂತ್ಯ, ಅದಕ್ಕೆ ಬೇಕಾದ ಹಣಕ್ಕೆ ಸಮಾಜ ಹೊಣೆ.

ಕಾಡುಕುದುರೆಯ ವಿಚಾರದಲ್ಲಿಯೂ ಎದುರು ಪಕ್ಷದ ಮಾತಿಗೆ ಕಿವಿಗೊಡಬೇಕು. ಹತ್ತು ಪಶ್ಚಿಮ ಸಂಸ್ಥಾನಗಳಲ್ಲಿ ಎರಡೂವರೆ ಕೋಟಿ ಎಕರೆಗೂ ಹೆಚ್ಚು ಒಣ ಭೂಮಿ ಅವುಗಳ ವಾಸಸ್ಥಾನ. ಆ ಭೂಮಿ ತಡೆದುಕೊಳ್ಳಬಲ್ಲದು ಸುಮಾರು 27,000 ಪ್ರಾಣಿಗಳನ್ನು ಮಾತ್ರ ಎಂದು 2020ರಲ್ಲಿ ಆಡಳಿತ ಇಲಾಖೆಯ ಲೆಕ್ಕವಾಗಿತ್ತು. 2020ರಲ್ಲಿ ಅವು ಸುಮಾರು 95,000 ಇದ್ದುವು. 2024ರ ಅಂದಾಜಿನಲ್ಲಿ 73,000ದಷ್ಟು. ಹಿಂಡು ವರ್ಷಕ್ಕೆ ನೂರಕ್ಕೆ ಹದಿನೈದರಿಂದ ಇಪ್ಪತ್ತರಂತೆ ಬೆಳೆಯುತ್ತದೆ. ಹುಲ್ಲು ತೀರಿದರೆ ಕುದುರೆಗೂ ಉಪವಾಸ, ಜಿಂಕೆಗೂ ಉಪವಾಸ, ದನಗಾಹಿಗೂ ನಷ್ಟ. ಅವರ ಅಳಲು ನಿಜವಾದದ್ದು. ಆದರೆ ಅದೇ ಸರ್ಕಾರದ ಭೂಮಿಯಲ್ಲಿ ಖಾಸಗಿ ದನಗಳೂ ಮೇಯುತ್ತವೆ. ಅಳತೆ ಹಿಡಿಯುವಾಗ ಎರಡನ್ನೂ ಅಳೆಯುವುದು ನ್ಯಾಯ.

ಹಿಡಿದು ತಂದು ಕೂಡಿಹಾಕುವುದು ಪರಿಹಾರವಾಗಲಿಲ್ಲ. ಸರ್ಕಾರದ ದೊಡ್ಡಿಗಳಲ್ಲಿಯೂ ಬಾಡಿಗೆಯ ಹುಲ್ಲುಗಾವಲುಗಳಲ್ಲಿಯೂ 2024ರಲ್ಲಿ ಇದ್ದವೇ 60,000ಕ್ಕಿಂತ ಹೆಚ್ಚು. 2019ರಲ್ಲಿ, ಸಾಕಲು ಒಯ್ದವರಿಗೆ ಕುದುರೆಯೊಂದಕ್ಕೆ 1,000 ಡಾಲರ್ ಕೊಡುವ ಏರ್ಪಾಡಾಯಿತು. ಹಣ ಪಡೆದ ಕೆಲವರು ಕುದುರೆಯನ್ನು ಕಸಾಯಿ ವ್ಯಾಪಾರಿಗಳ ಹರಾಜಿಗೆ ಒಯ್ದರೆಂದು 2021ರಲ್ಲಿ ಪತ್ರಿಕೆಗಳು ಬಯಲುಮಾಡಿದುವು. ಆ ಏರ್ಪಾಡನ್ನು ನ್ಯಾಯಾಲಯ 2025ರಲ್ಲಿ ರದ್ದುಪಡಿಸಿತು. ಕರುಣೆಗೆ ಕೂಲಿ ಕೊಟ್ಟರೆ ಕೂಲಿ ಉಳಿಯುತ್ತದೆ, ಕರುಣೆ ಉಳಿಯುವುದಿಲ್ಲ!

ಬೇರೆ ದಾರಿಯುಂಟು. ಮೇರಿಲೆಂಡ್ ತೀರದ ಅಸಟೀಗ್ ದ್ವೀಪದಲ್ಲಿ 1994ರಿಂದ ಹೆಣ್ಣು ಕುದುರೆಗಳಿಗೆ ದೂರದಿಂದಲೇ ಚುಚ್ಚುಬಾಣದ ಮೂಲಕ ಗರ್ಭನಿರೋಧಕ ಲಸಿಕೆ ಕೊಟ್ಟು, ಹಿಂಡಿನ ಬೆಳವಣಿಗೆಯನ್ನು ಹದ್ದಿನಲ್ಲಿಟ್ಟಿದ್ದಾರೆ. ಬೆನ್ನಟ್ಟುವುದಿಲ್ಲ, ಕಟ್ಟುವುದಿಲ್ಲ. ಹಿಂಡುಗಳಿಂದ ಕುದುರೆಗಳನ್ನು ತೆಗೆಯುತ್ತ ಹೋದರೆ ಉಳಿದವು ಇನ್ನೂ ವೇಗವಾಗಿ ವೃದ್ಧಿಯಾಗುತ್ತವೆಂದೂ, ಸಂತಾನನಿಯಂತ್ರಣವೇ ಮೇಲೆಂದೂ ಅಲ್ಲಿಯ ರಾಷ್ಟ್ರೀಯ ಸಂಶೋಧನಾ ಮಂಡಲಿ 2013ರಲ್ಲಿ ವಿದಿತಪಡಿಸಿತು. ವಿಶಾಲವಾದ ಪಶ್ಚಿಮದ ಬಯಲಿನಲ್ಲಿ ಇದು ದ್ವೀಪದಲ್ಲಿದ್ದಷ್ಟು ಸುಲಭವಲ್ಲ. ಆದರೆ ದೊಡ್ಡಿಯ ಮೇವಿಗೆ ಸುರಿಯುವ ಹಣವನ್ನು ಲಸಿಕೆಗೆ ತಿರುಗಿಸಿದರೆ ಕಷ್ಟ ಕಡಮೆಯಾದೀತು.

ಹಾಗಾದರೆ ಶಾಸನಕರ್ತರು ಮಾಡಬೇಕಾದದ್ದೇನು? ಮೂರು ಕಾರ್ಯಗಳು. ಮನುಷ್ಯನ ಆಹಾರಕ್ಕಾಗಿ ಕುದುರೆಯನ್ನು ಕೊಲ್ಲುವುದನ್ನೂ, ಕೊಲ್ಲಲು ಹೊರದೇಶಕ್ಕೆ ಸಾಗಿಸುವುದನ್ನೂ ಒಂದೇ ಕಾಯಿದೆಯಲ್ಲಿ ಶಾಶ್ವತವಾಗಿ ನಿಷೇಧಿಸುವುದು ಮೊದಲನೆಯದು. 2004ರ ತಿದ್ದುಪಡಿಯನ್ನು ಅಳಿಸಿ 1971ರ ಕಾಯಿದೆಯ ಮಾತನ್ನು ಉಳಿಸಿಕೊಳ್ಳುವುದು ಎರಡನೆಯದು. ಹಿಡಿಯುವ ಕೆಲಸದ ಬದಲು ಲಸಿಕೆಯ ಕೆಲಸಕ್ಕೆ ಹಣ ಒದಗಿಸುವುದು ಮೂರನೆಯದು. ಮೊದಲನೆಯದು ಅಸಾಧ್ಯವೆನ್ನುವಂತಿಲ್ಲ. 2006ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಇಂಥ ಮಸೂದೆಯನ್ನು 263ಕ್ಕೆ 146 ಮತಗಳಿಂದ ಅಂಗೀಕರಿಸಿತ್ತು. ಸೆನೆಟ್ ಸಭೆಯಲ್ಲಿ ಅದು ಮುಂದೆ ಸಾಗಲಿಲ್ಲ. ಮುಂದೆಯೂ ಹಲವು ಬಾರಿ ಮಸೂದೆ ಮಂಡಿತವಾಗಿದೆ. ಇತ್ತ ಬ್ರಿಟನ್ನಿನ ಶಾಸನಸಭೆ 2024ರಲ್ಲಿ ಕುದುರೆಗಳನ್ನೂ ಇತರ ಪಶುಗಳನ್ನೂ ಕೊಲೆಗಾಗಿ ಜೀವಂತವಾಗಿ ರಫ್ತು ಮಾಡುವುದನ್ನು ಕಾಯಿದೆಯಿಂದಲೇ ನಿಲ್ಲಿಸಿತು. ಒಬ್ಬರಿಗೆ ಸಾಧ್ಯವಾದದ್ದು ಇನ್ನೊಬ್ಬರಿಗೆ ಆಗದೆಂಬುದುಂಟೆ?

ವರ್ಷಕ್ಕೊಮ್ಮೆ ನವೀಕರಿಸಬೇಕಾದ ದಯೆ ಎರವಲು ತಂದ ಕೊಡೆಯಂತೆ. ಮಳೆ ಬಂದ ದಿನವೇ ಯಜಮಾನ ಅದನ್ನು ಕೇಳಿದರೆ ಗತಿಯೇನು? ಕಾಯಿದೆಯಾದರೋ ಮನೆಯ ಮಾಡು. ಒಂದು ವರ್ಷ ಒಂದು ಸಾಲು ಬಿಟ್ಟುಹೋದರೆ ಸಾವಿರಾರು ಮೂಕಪ್ರಾಣಿಗಳ ಆಯುಷ್ಯ ತೀರುತ್ತದೆಂದಾದರೆ, ಅದನ್ನು ರಕ್ಷಣೆಯೆಂದು ಕರೆಯುವುದು ಹೇಗೆ?

ಆ ದೇಶದ ಮತ ನಮ್ಮ ಕೈಯಲ್ಲಿಲ್ಲ. ಆದರೆ ಅಲ್ಲಿ ನೆಲಸಿರುವ ಕನ್ನಡಿಗರು ಅನೇಕರಿದ್ದಾರೆ. ಮತದ ಹಕ್ಕುಳ್ಳವರು ತಮ್ಮ ಪ್ರತಿನಿಧಿಗಳಿಗೆ ಒಂದು ಕಾಗದ ಬರೆಯಬಹುದು. ಶಾಲೆಯ ಮಕ್ಕಳ ಕಾಗದಗಳು ಮಾಡಿದ ಕೆಲಸವನ್ನು ಈಗ ಕೇಳಿದಿರಷ್ಟೆ. ಇಲ್ಲಿರುವ ನಮಗೂ ಕೆಲಸವುಂಟು. ಗಾಡಿಯ ಕುದುರೆಯ ಬೆನ್ನಿನ ಹುಣ್ಣನ್ನು ಕಂಡಾಗ ಮುಖ ತಿರುಗಿಸದಿರುವುದು. ಮದುವೆಯ ಮೆರವಣಿಗೆಗೆ ತಂದ ಕುದುರೆಗೆ ನೀರು ದೊರೆಯಿತೆ ಎಂದು ವಿಚಾರಿಸುವುದು. ಪಂದ್ಯದ ಕುದುರೆ ಓಡಲಾರದಾದ ಮೇಲೆ ಎಲ್ಲಿಗೆ ಹೋಯಿತೆಂದು ಕೇಳುವುದು. ಹೈಫಾದ ವಿಜಯದಲ್ಲಿ ಪಾಲು ಕೇಳುವ ನಾವು ಹೈಫಾದ ಋಣದಲ್ಲಿಯೂ ಪಾಲುದಾರರು. ಹೊಳೆ ದಾಟಿಸಿದ ಅಂಬಿಗನನ್ನು ದಡದಲ್ಲಿ ನಿಂತು ಒಂದು ಕ್ಷಣ ಹಿಂತಿರುಗಿ ನೋಡೋಣ.