ಕಪಿಲೆಯ ದಂಡೆಯಲ್ಲಿ ಎರಡು ದಿನ



ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಕಡೆಗೆ ಹೋಗುವವರು ಎಲ್ಲಿ ಇಳಿದುಕೊಳ್ಳಬೇಕು, ಏನು ಉಣ್ಣಬೇಕು, ಏನೇನು ನೋಡಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕೇಳಿದ್ದಾರೆ. ಸುಲಭದ ವಿಷಯವೆಂದು ಒಪ್ಪಿಕೊಂಡೆ. ಬರೆಯಲು ಕುಳಿತಾಗ ನನ್ನ ಅಜ್ಞಾನ ನನಗೇ ತಿಳಿಯಿತು. ನಾನು ಮೈಸೂರಿನವನು. ನಮ್ಮೂರಿನವರಿಗೆ ನಂಜನಗೂಡೆಂದರೆ ಒಂದು ಹರಕೆ. ಬೆಳಗ್ಗೆ ಹೋಗುವುದು, ಹೊಳೆಯಲ್ಲಿ ಮುಳುಗುವುದು, ಹಣ್ಣುಕಾಯಿ ಮಾಡಿಸುವುದು, ಮಧ್ಯಾಹ್ನದೊಳಗೆ ಮನೆ ಸೇರುವುದು. ಇಪ್ಪತ್ತೈದು ಕಿಲೋಮೀಟರಿನೊಳಗಿರುವ ಊರಿನಲ್ಲಿ ರಾತ್ರಿ ಉಳಿಯುವವರುಂಟೇ? ಐವತ್ತು ವರ್ಷ ನಾನೂ ಹಾಗೆಯೇ ಹೋಗಿಬಂದವನು. ಕಳೆದ ಮಾಘದಲ್ಲಿ ಎರಡು ದಿನ ಉಳಿದೆನಾದರೆ ಅದಕ್ಕೆ ಕಾರಣ ನನ್ನ ತಾಯಿ.

ಅಮ್ಮನಿಗೆ ಈಗ ಎಂಬತ್ತೊಂಬತ್ತು. ಊಟ ಸೇರುವುದಿಲ್ಲ. ಒಂದು ರಾತ್ರಿ ಗಂಜಿಯ ಲೋಟವನ್ನು ಪಕ್ಕಕ್ಕಿಟ್ಟು, "ಒಂದು ರಸಬಾಳೆ ಹಣ್ಣು ತಂದುಕೊಡೋ. ಹೆಸರಿನದಲ್ಲ, ನಂಜನಗೂಡಿನ ನಿಜವಾದ್ದು" ಎಂದರು. ಅವರು ಏನನ್ನಾದರೂ ತಾವಾಗಿ ಕೇಳಿ ತಿಂಗಳುಗಳಾಗಿದ್ದವು. ಮರುದಿನ ಬೆಳಗಿನ ರೈಲಿಗೆ ಹೊರಟೆ. ನಿವೃತ್ತ ಉಪಾಧ್ಯಾಯರಾದ ನನ್ನ ಗೆಳೆಯರೊಬ್ಬರು ಜೊತೆಗೂಡಿದರು.

ರೈಲಿನಲ್ಲಿ ಹೋಗಿರೆಂದು ನಿಮಗೂ ಹೇಳುತ್ತೇನೆ. ಚಾಮರಾಜನಗರದ ಗಾಡಿ ಕಪಿಲೆಯನ್ನು ದಾಟುವಾಗ ಹಳೆಯ ಸೇತುವೆ ಕಣ್ಣಿಗೆ ಬೀಳುತ್ತದೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದೆಂದು ಪ್ರತೀತಿ. ಗಿಡ್ಡ ಕಂಬಗಳು, ಸಾಲು ಕಮಾನುಗಳು. ಎತ್ತಿನ ಗಾಡಿಗೆಂದು ಕಟ್ಟಿದ ಈ ಸೇತುವೆಯ ಮೇಲೆ ಮುಂದೆ ಮೀಟರ್‌ಗೇಜ್ ಹಳಿಯನ್ನೂ ಹಾಸಿದರು; ಬಹುಕಾಲ ಬಸ್ಸೂ ರೈಲೂ ಒಂದೇ ಬೆನ್ನಿನ ಮೇಲೆ ಓಡಾಡಿದವು. 2007ರಲ್ಲಿ ಹಳಿಯನ್ನು ಅಗಲಿಸುವ ಕಾಮಗಾರಿ ಬಂದಾಗ ಅದಕ್ಕೆ ಬಿಡುಗಡೆಯಾಯಿತು. ಚಿಕ್ಕಂದಿನಲ್ಲಿ ಈ ಸೇತುವೆ ಬಂದೊಡನೆ ಅಮ್ಮ ನನ್ನ ಕೈಗೆ ಒಂದು ಕಾಸು ಕೊಟ್ಟು ಹೊಳೆಗೆ ಎಸೆಯಿಸುತ್ತಿದ್ದರು.

ಇನ್ನು ಊರು. ನಂಜನ್ನು ಉಂಡವನ ಬೀಡು ನಂಜನಗೂಡು. ರೋಗ ಕಳೆಯುವ ದೇವರೆಂದು ನಂಜುಂಡೇಶ್ವರನಿಗೆ ಹೆಸರು. ಟಿಪ್ಪುಸುಲ್ತಾನನ ಪಟ್ಟದಾನೆಯ ಕಣ್ಣು ಇಲ್ಲಿ ಹರಕೆ ಹೊತ್ತ ಮೇಲೆ ಗುಣವಾಯಿತೆಂದೂ, ಸುಲ್ತಾನನು ಪಚ್ಚೆಯ ಲಿಂಗವನ್ನು ಅರ್ಪಿಸಿ 'ಹಕೀಮ್ ನಂಜುಂಡ'ನೆಂದು ಕರೆದನೆಂದೂ ಐತಿಹ್ಯ. ಗೋಪುರ ಏಳು ನೆಲೆಯದು. ಅದನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ಒಳಪ್ರಾಕಾರದಲ್ಲಿ ಸಾಲಾಗಿ ನಿಂತ ಅರವತ್ತುಮೂವರು ಪುರಾತನರ ಮೂರ್ತಿಗಳ ಮುಂದೆ ಮಾತ್ರ ಯಾರೂ ನಿಲ್ಲುವುದಿಲ್ಲ. ಬೇಡ, ರಾಜ, ಕುಂಬಾರ, ಅಗಸ ಎಲ್ಲರೂ ಒಂದೇ ಎತ್ತರದಲ್ಲಿ ಕೈಮುಗಿದು ನಿಂತಿರುವ ಆ ಸಾಲಿಗೆ ಅರ್ಧ ಗಂಟೆಯನ್ನಾದರೂ ಕೊಡಬೇಕು. ಸೋಮವಾರ, ಹುಣ್ಣಿಮೆ, ಫಾಲ್ಗುಣದ ದೊಡ್ಡ ಜಾತ್ರೆ, ಈ ದಿನಗಳಲ್ಲಿ ಹೋದರೆ ಆ ಅರ್ಧ ಗಂಟೆ ದೊರೆಯದು. ಆದರೆ ಐದು ರಥಗಳು ಒಂದರ ಹಿಂದೊಂದು ಬೀದಿಗಿಳಿಯುವ ಜಾತ್ರೆಯನ್ನು ಜನ್ಮದಲ್ಲಿ ಒಮ್ಮೆ ನೋಡಬೇಡವೇ ಎಂದರೆ, ನೋಡಲೇಬೇಕು. ಆಗ ವಸತಿಯ ಆಸೆ ಬಿಡಿ.

ಉಳಿದ ದಿನಗಳಲ್ಲಿ ವಸತಿಗೆ ಕೊರತೆಯಿಲ್ಲ. ದೇವಾಲಯದ ವಸತಿಗೃಹಗಳುಂಟು, ಛತ್ರಗಳುಂಟು, ಪೇಟೆಯಲ್ಲಿ ಲಾಡ್ಜುಗಳುಂಟು. ನಾವು ಹಿಡಿದ ಕೋಣೆಯಲ್ಲಿ ಎರಡು ಮಂಚ, ಒಂದು ಬಕೆಟ್ಟು, ಲೆಕ್ಕವಿಲ್ಲದಷ್ಟು ಸೊಳ್ಳೆಗಳಿದ್ದವು. ಸೊಳ್ಳೆಪರದೆಯನ್ನು ಕಟ್ಟಿಕೊಂಡು ಹೋಗುವುದು ಲೇಸು. ಮಧ್ಯಾಹ್ನದ ಊಟ ದೇವಾಲಯದ ದಾಸೋಹದಲ್ಲಾಯಿತು. ಅನ್ನ, ಸಾರು, ಮಜ್ಜಿಗೆ. ಹಸಿದವನಿಗೆ ಇನ್ನೇನು ಬೇಕು? ಬೆಣ್ಣೆ, ಒಣಶುಂಠಿ, ಸಕ್ಕರೆ ಸೇರಿದ 'ಸುಗಂಧಿತ ಸಕ್ಕರೆ'ಯೆಂಬ ನೈವೇದ್ಯ ಇಲ್ಲಿಯದು. ವೈದ್ಯನಾದ ದೇವರಿಗೆ ಔಷಧವನ್ನೇ ನೈವೇದ್ಯ ಮಾಡಿದವರ ಬುದ್ಧಿಯನ್ನು ಮೆಚ್ಚಬೇಕು. ಔಷಧವೆಂದಾಗ ನೆನಪಾಯಿತು: 1913ರಲ್ಲಿ ಬಿ. ವಿ. ಪಂಡಿತರು ತೆರೆದ ಸದ್ವೈದ್ಯಶಾಲೆಯ ಹಲ್ಲುಪುಡಿ ಈ ಊರಿನ ಹೆಸರನ್ನು ದೂರದೂರದ ಬಚ್ಚಲುಮನೆಗಳಿಗೆ ಮುಟ್ಟಿಸಿತು. ನಮ್ಮಮ್ಮ ಹಲ್ಲಿರುವ ತನಕ ಅದನ್ನು ಬಿಟ್ಟು ಬೇರೆ ಪುಡಿ ಮುಟ್ಟಲಿಲ್ಲ.

ಸ್ನಾನಘಟ್ಟದ ವಿಷಯ ಮಾತ್ರ ಬೇಸರದಿಂದಲೇ ಹೇಳಬೇಕು. ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಬರುತ್ತಾರೆ. ಪಾಪ ಹೋಯಿತೆಂದು ಅವರ ನಂಬಿಕೆ. ಕೆಳಗಿನ ಊರಿನವರು ಅದೇ ನೀರನ್ನು ಕುಡಿಯುವುದು ಇವರ ಲೆಕ್ಕಕ್ಕೆ ಸೇರಿಲ್ಲ. ಮಳೆಗಾಲದಲ್ಲಿ ಹೊಳೆಯೂ ತನ್ನ ಲೆಕ್ಕ ಒಪ್ಪಿಸುತ್ತದೆ. ಬೀಚನಹಳ್ಳಿಯ ಅಣೆಕಟ್ಟಿನಿಂದ ನೀರು ಬಿಟ್ಟರೆ ಹದಿನಾರುಕಾಲು ಮಂಟಪ ಮುಳುಗುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿದು ಮೈಸೂರಿನ ದಾರಿ ಕಟ್ಟಿಹೋಗಿತ್ತು. ಆದ್ದರಿಂದ ಆಷಾಢ, ಶ್ರಾವಣಗಳಲ್ಲಿ ಹೊರಡುವವರು ಅಣೆಕಟ್ಟಿನ ಸುದ್ದಿ ಕೇಳಿಕೊಂಡು ಹೊರಡಿ.

ಹಣ್ಣಿನ ಕಥೆಗೆ ಬರುತ್ತೇನೆ. ದೇವಸ್ಥಾನದ ಬೀದಿಯಲ್ಲಿ ರಸಬಾಳೆ ಎಂದು ಕೂಗಿ ಮಾರುತ್ತಿದ್ದವನೊಬ್ಬನಿಂದ ಅರ್ಧ ಡಜನ್ ಕೊಂಡೆ. ಒಂದನ್ನು ಸುಲಿದು ಬಾಯಿಗಿಟ್ಟ ಗೆಳೆಯರು, "ಇದು ಬಾಳೆ ನಿಜ ಸ್ವಾಮಿ, ರಸ ಎಲ್ಲಿ?" ಎಂದರು. ನಿಜವಾದ ರಸಬಾಳೆ ಹಾಗಲ್ಲ. ಸಿಪ್ಪೆ ತೆಳು, ಕಪ್ಪಾದಷ್ಟೂ ಒಳಗಿನ ತಿರುಳು ಕೆಡದೆ ಬಿಗಿಯಾಗಿಯೇ ಇರುತ್ತದೆ, ಕೋಣೆಯಲ್ಲಿಟ್ಟರೆ ಹಜಾರಕ್ಕೆ ಪರಿಮಳ. ಈ ಸೀಮೆಯ ಮಣ್ಣಿನಲ್ಲಿ ಬಂದ ಸ್ವಾದ ಬೇರೆಡೆ ಬಾರದೆಂದು ಬೆಳೆಗಾರರ ಮಾತು. 2005-06ರ ಸಾಲಿನಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಮನ್ನಣೆ ಬರುವಷ್ಟರಲ್ಲಿ ತೋಟಗಳೇ ಕರಗಿಹೋಗಿದ್ದವು. ಹೆಸರಿನ ಹಕ್ಕು ಭದ್ರವಾಯಿತು, ಹೆಸರನ್ನು ಹೊರುವ ಗಿಡಗಳು ಬೆರಳೆಣಿಕೆಗೆ ಬಂದವು.

ಯಾರೋ ದೇವರಸನಹಳ್ಳಿಯ ಕಡೆ ವಿಚಾರಿಸಿ ಎಂದರು. ಆಟೋ ಹಿಡಿದು ಹೋದೆವು. ಅಲ್ಲಿ ನಾಲ್ಕಾರು ಮನೆ ತಿರುಗಿದ ಮೇಲೆ ವಯಸ್ಸಾದ ರೈತರೊಬ್ಬರು ಹಿತ್ತಿಲಿಗೆ ಕರೆದೊಯ್ದರು. "ನಮ್ಮಪ್ಪನ ಕಾಲದಲ್ಲಿ ಹೊಳೆತನಕ ಇದೇ ಬಾಳೆ ಸ್ವಾಮಿ. ಈಗ ಹದಿನೆಂಟು ಗಿಡ." ಪನಾಮಾ ಸೊರಗು ರೋಗವೆಂದು ಅದರ ಹೆಸರು. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರೇರುವ ನಾಳಗಳನ್ನು ಕಟ್ಟುತ್ತದೆ. ಕೆಳಗಿನ ಎಲೆ ಹಳದಿಯಾಗಿ ದಿಂಡಿನ ಸುತ್ತ ಜೋತುಬೀಳುತ್ತದೆ, ಬುಡ ಸೀಳುತ್ತದೆ. ಸಿಂಪಡಿಸುವ ಔಷಧಿಗೆ ಅದು ಬಗ್ಗುವುದಿಲ್ಲ. ಗಿಡ ಕಿತ್ತೆಸೆದರೂ ರೋಗ ಮಣ್ಣಿನಲ್ಲಿ ಎಷ್ಟೋ ವರ್ಷ ಉಳಿಯುತ್ತದೆ. ಅಂಗಾಂಶ ಕೃಷಿಯಿಂದ ಬೆಳೆಸಿದ ಸಸಿ ಶುದ್ಧವೇನೋ ಹೌದು, ನೆಡುವುದು ಅದೇ ನೆಲದಲ್ಲಿ ತಾನೆ! ಹೀಗಾಗಿ ಹಲವರು ಏಲಕ್ಕಿ ಬಾಳೆಗೆ ತಿರುಗಿದರು. "ನೀವೇಕೆ ಬಿಟ್ಟಿಲ್ಲ?" ಎಂದೆ. ಅವರು ಉತ್ತರ ಹೇಳದೆ, ಒಂದು ಗೊನೆಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟಿರುವುದಾಗಿಯೂ ನಾಳೆ ಸಂಜೆಗೆ ಹಣ್ಣಾಗುವುದೆಂದೂ ತಿಳಿಸಿದರು. ನಾವು ಉಳಿಯಬೇಕಾಯಿತು.

ಮರುದಿನ ಬೆಳಗ್ಗೆ ಸುತ್ತೂರಿನ ಮೇಲೆ ನರಸೀಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಪಿಲೆ ಬತ್ತದ ಗದ್ದೆಗಳ ಹಿಂದೆ ಅಡಗಿ ಆಗಾಗ ಇಣುಕುತ್ತಿತ್ತು. ಪುಷ್ಯದ ಜಾತ್ರೆ ಮುಗಿದ ಸುತ್ತೂರು ಸ್ತಬ್ಧವಾಗಿತ್ತು. ಮಠದಲ್ಲಿ ಹೋದವರಿಗೆ ಪ್ರಸಾದವುಂಟು.

ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತದೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿ ಎನ್ನುತ್ತಾರೆ. ಗುಂಜಾ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಅಷ್ಟು ತೂಕ ಹೆಚ್ಚೆಂದು ಅದರ ಅರ್ಥವಂತೆ. ಹೆಚ್ಚೆನ್ನುವುದರಲ್ಲೂ ಇಷ್ಟು ಸಂಕೋಚವಿರುವ ಊರು ನನಗೆ ಬಹಳ ಹಿಡಿಸಿತು. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ಪದ್ಧತಿ ಬಂದಿದೆ. 2019ರ ಮೇಲೆ 2025ರಲ್ಲಿ ನಡೆಯಿತು. ನಾವು ಹೋದ ದಿನ ಸಂಗಮದಲ್ಲಿ ಇದ್ದವರು ಅಸ್ಥಿ ಬಿಡಲು ಬಂದ ಒಂದು ಮನೆಯವರು, ಒಬ್ಬ ದೋಣಿಯವನು, ಎರಡು ಎಮ್ಮೆ. ಇದೇ ಸಂಗಮದಲ್ಲಿ ಮೂವತ್ತು ವರ್ಷದ ಹಿಂದೆ ನನ್ನ ತಂದೆಯ ಅಸ್ಥಿಯನ್ನು ಬಿಟ್ಟಿದ್ದೆ. ಹೆಚ್ಚು ಹೊತ್ತು ಅಲ್ಲಿ ನಿಲ್ಲಲಿಲ್ಲ.

ಸೇತುವೆಯಾಚೆ ತಿರುಮಕೂಡಲು, ಅಗಸ್ತ್ಯೇಶ್ವರನ ಸನ್ನಿಧಿ. ಏಳು ತಂತಿಯ ಪಿಟೀಲನ್ನು ನುಡಿಸಿದ ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಬೆಂಗಳೂರಿನಲ್ಲಿ ಅವರ ಹೆಸರಿಗೆ ಪಿಟೀಲಿನಾಕಾರದ ಭವನವೇ ಇದೆ. ಇನ್ನೂ ಹಿಂದಕ್ಕೆ ಹೋದರೆ, ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿಯವರು ಇಲ್ಲಿನ ನೆಲ ಅಗೆಸಿದಾಗ ನವಶಿಲಾಯುಗದ ಸಮಾಧಿಗಳೂ ಮಣ್ಣಿನ ತಲೆದಿಂಬೂ ಸಿಕ್ಕಿದವು. ಎರಡು ಹೊಳೆ ಕೂಡುವಲ್ಲಿ ತಲೆಯೂರಿ ಮಲಗಬೇಕೆಂಬ ಆಸೆ ಅಷ್ಟು ಹಳೆಯದು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಉಳಿದು ಅಧ್ಯಯನ ಮಾಡಿದ ಕೊಡಗಹಳ್ಳಿಯೂ ಈ ತಾಲ್ಲೂಕಿನದೇ. 1970ರಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಸಿಕ್ಕಿ, ನೆನಪಿನಿಂದಲೇ ಆ ಹಳ್ಳಿಯ ಪುಸ್ತಕವನ್ನು ಬರೆದರು. ಅದು 1976ರಲ್ಲಿ ಹೊರಬಂತು.

ನರಸೀಪುರದಲ್ಲಿ ತಂಗಲು ಲಾಡ್ಜುಗಳು ಕೆಲವೇ. ಸಂಸಾರ ಸಮೇತರಾಗಿ ಹೋಗುವವರು ಮೈಸೂರಿನಲ್ಲಿಯೇ ಇಳಿದುಕೊಳ್ಳುವುದು ವಾಸಿ. ಊಟಕ್ಕೆ ತೊಂದರೆಯಿಲ್ಲ. ಬಸ್‌ನಿಲ್ದಾಣದ ಬಳಿ ಬಿಸಿ ಇಡ್ಲಿ, ಚಟ್ನಿ ಸಿಕ್ಕಿತು. ತಲಕಾಡಿನ ಹೊಳೆದಂಡೆಯಲ್ಲಿ ಮೀನು ಹುರಿದು ಕೊಡುತ್ತಾರೆ. ನಾನು ತಿನ್ನುವವನಲ್ಲ, ಗೆಳೆಯರು ಎರಡು ಸಲ ಕೇಳಿ ಹಾಕಿಸಿಕೊಂಡದ್ದನ್ನು ಸಾಕ್ಷಿಯಾಗಿ ಹೇಳಬಲ್ಲೆ. ಬನ್ನೂರಿನ ಕುರಿಯ ಕೀರ್ತಿಯನ್ನೂ ಅವರೇ ವರ್ಣಿಸಿದರು.

ತಲಕಾಡಿನಲ್ಲಿ ಮರಳಿನ ಮೇಲೆ ನಡೆಯಬೇಕು; ಬಿಸಿಲೇರುವ ಮೊದಲೇ ಹೋಗಿ. ವಿಷ್ಣುವರ್ಧನನು ಚೋಳರನ್ನು ಗೆದ್ದು 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣನ ಗುಡಿ ತಗ್ಗಿನಲ್ಲಿದೆ, ಸುತ್ತಲೂ ಮರಳ ದಿಬ್ಬ. ಅಲಮೇಲಮ್ಮನ ಶಾಪದ ಕಥೆ ನಿಮಗೆ ಗೊತ್ತೇ ಇದೆ. ಮಾಧವಮಂತ್ರಿಯ ಕಟ್ಟೆಯಿಂದ ಹೊಳೆಯ ಓಟ ಬದಲಾಗಿ, ಬಯಲಾದ ಮರಳು ಗಾಳಿಗೆ ಊರ ಮೇಲೆ ಬಂತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನನಗೆ ಎರಡನೆಯದೇ ಹೆಚ್ಚು ಭಯಂಕರವಾಗಿ ತೋರುತ್ತದೆ. ಇಲ್ಲಿನ ಮರಳ ದಂಡೆಯನ್ನು ನಂಬಿ ಹೊಳೆಗಿಳಿಯಬೇಡಿ. ಮೊಣಕಾಲು ನೀರೆಂದು ಕಂಡದ್ದು ಎರಡು ಹೆಜ್ಜೆಗೆ ಮಡುವಾಗುತ್ತದೆ. ಈಜು ಬಲ್ಲವರೇ ಇಲ್ಲಿ ಹೋಗಿದ್ದಾರೆ. ಮುಡುಕುತೊರೆಯ ಗುಡ್ಡ ಹತ್ತಿದರೆ ಹೊಳೆ ಹೇಗೆ ಮುರಿದುಕೊಂಡು ತಿರುಗಿದೆಯೆಂಬುದು ಕಾಣುತ್ತದೆ, ಊರಿನ ಹೆಸರೂ ಅರ್ಥವಾಗುತ್ತದೆ.

ಸೋಮನಾಥಪುರಕ್ಕೆ ಈ ಸಲ ಹೊತ್ತು ಸಾಲಲಿಲ್ಲ. ಆ ತ್ರಿಕೂಟಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿ ಸೇರಿದೆ. ಅದಕ್ಕೆ ಬೇರೆಯೇ ಒಂದು ದಿನವಿಡಿ. ಮಲ್ಲಿತಮ್ಮನೆಂಬ ಶಿಲ್ಪಿ ತನ್ನ ಹೆಸರನ್ನು ಕೆತ್ತಿದ ಮೂರ್ತಿಗಳನ್ನು ಹುಡುಕುವುದಕ್ಕೇ ಅರ್ಧ ದಿನ ಬೇಕು.

ಸಂಜೆ ದೇವರಸನಹಳ್ಳಿಗೆ ಮರಳಿದಾಗ ರೈತರು ಒಂದು ಚಿಪ್ಪು ಹಣ್ಣನ್ನು ಬಾಳೆಯೆಲೆಯಲ್ಲಿ ಕಟ್ಟಿಟ್ಟಿದ್ದರು. ಹಣವನ್ನು ಬಹಳ ಬಲವಂತ ಮಾಡಿ ಕೊಡಬೇಕಾಯಿತು. ರೈಲಿನಲ್ಲಿ ನಮ್ಮ ಪೆಟ್ಟಿಗೆಯಲ್ಲೆಲ್ಲ ಅದೇ ಪರಿಮಳ. ಎದುರಿಗೆ ಕುಳಿತಿದ್ದ ಮುದುಕಿಯೊಬ್ಬರು ಕೇಳಿಯೇ ಬಿಟ್ಟರು, ಅವರಿಗೊಂದು ಕೊಟ್ಟೆ.

ಅಮ್ಮ ಹಣ್ಣನ್ನು ಮೊದಲು ಮೂಸಿದರು. ಚಿಕ್ಕ ಚಿಕ್ಕ ತುಂಡು ಮಾಡಿಸಿಕೊಂಡು ಪೂರ್ತಿ ತಿಂದರು. ಆಮೇಲೆ ಸಿಪ್ಪೆಯನ್ನು ಕೈಯಲ್ಲಿ ಹಿಡಿದೇ, "ಗಿಡ ಇನ್ನೂ ಇದೆಯೇನೋ?" ಎಂದು ಕೇಳಿದರು.

"ಹದಿನೆಂಟು ಇವೆ ಅಮ್ಮ" ಎಂದೆ.